ನೀಲಿ ಎತ್ತಿನ ಮಾಸ್ತರು

ನಾನು ಅವರನ್ನು ಮೊದಲು ನೋಡಿದಾಗ ಅವರು ಒಂದು ಎಮ್ಮೆಯ ಪಕ್ಕ ನಿಂತಿದ್ದರು. ಸುಮ್ಮನೆ ನಿಂತಿರಲಿಲ್ಲ, ಅಂಗೈಯನ್ನು ಅದರ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ಹಿಡಿದ ಹಾಗೆ ನಿಂತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದ ಒಂದು ಖಾಸಗಿ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಸೇರಲು ಆದೇಶಪತ್ರ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದೆ. ಗೇಟಿನಲ್ಲೇ ಈ ದೃಶ್ಯ. ಎಮ್ಮೆಯ ಮಾಲೀಕ ಹಗ್ಗ ಹಿಡಿದು ಬೀಡಿ ಸೇದುತ್ತ, ಇದು ಯಾವಾಗ ಮುಗಿಯುತ್ತದೋ ಎಂಬಂತೆ ರಸ್ತೆ ನೋಡುತ್ತಿದ್ದ. ಹೆಡ್‌ಮಾಸ್ತರರ ಕೋಣೆ ಎಲ್ಲಿ ಎಂದು ಕೇಳಿದೆ. ಅವರು ಕಣ್ಣು ತೆರೆಯಲಿಲ್ಲ.

"ಎಡಕ್ಕ ಹೋಗ್ರಿ, ಎರಡನೇ ಬಾಗಲ. ಆದ್ರ ಒಂದ್ ಮಾತು ಹೇಳಿ ಹೋಗ್ರಿ. ಈ ಎಮ್ಮಿ ಯಾವ ಬಣ್ಣ ಅದ?"

"ಕರೀ ಅದರಿ," ಎಂದೆ. ಎಮ್ಮೆ ಇನ್ನಾವ ಬಣ್ಣ ಇರಬೇಕು?

"ಜರಾ ನಿಂತು ನೋಡ್ರಿ," ಎಂದರು.

ನಿಲ್ಲುವಷ್ಟು ವ್ಯವಧಾನ ನನಗಿರಲಿಲ್ಲ. ಒಳಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ, ಇದೆಂಥ ಕಡೆ ಬಂದು ಬಿದ್ದೆನಪ್ಪ ಎಂದುಕೊಂಡೆ. ಆ ಮನುಷ್ಯ ಆ ಶಾಲೆಯ ಡ್ರಾಯಿಂಗ್ ಮಾಸ್ತರರು ಎಂದು ತಿಳಿದದ್ದು ಮಧ್ಯಾಹ್ನ, ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ರೊಟ್ಟಿ ಬಿಚ್ಚಿದಾಗ.

ಅವರು ತೀರಿಕೊಂಡ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಆ ಕಡೆಯ ಜನ ಅವರನ್ನು ಗುರುತಿಸುವುದು ಅವರ ಚಿತ್ರಗಳಿಂದಲ್ಲ, ಅವರ ಕಣ್ಣಿನ ಬಗ್ಗೆ ನಾನು ಬರೆದುಕೊಟ್ಟ ಒಂದು ಸುಳ್ಳಿನಿಂದ. ಆ ಸುಳ್ಳಿನ ಮಾತು ಬರುವ ಮೊದಲು ಮನುಷ್ಯ ಹೇಗಿದ್ದರು ಎಂದು ಹೇಳುವುದು ನ್ಯಾಯ.

ಸಣಕಲು ದೇಹ. ಬಿಳಿ ಪೈಜಾಮ, ಮೊಣಕಾಲಿಗೆ ಬರುವ ಬಿಳಿ ಅಂಗಿ. ಬೆಳಿಗ್ಗೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಹಸಿರೋ ಕೆಂಪೋ ಇನ್ನೊಂದು ಗೆರೆ ಎಳೆದಿರುತ್ತಿತ್ತು, ಬೆವರು ಒರೆಸಿಕೊಂಡಾಗ ಬಿದ್ದದ್ದು. ಉಗುರಿನ ಸಂದಿಯ ನೀಲಿ ಮಾತ್ರ ಹಬ್ಬದ ದಿನ ತೊಳೆದರೂ ಹೋಗುತ್ತಿರಲಿಲ್ಲ. ಶಾಲೆ ಬಣ್ಣದ ಡಬ್ಬಿ ತರಿಸಿ ಕೊಡುತ್ತಿರಲಿಲ್ಲವಾದ್ದರಿಂದ ತಮ್ಮ ಬಣ್ಣ ತಾವೇ ಮಾಡಿಕೊಳ್ಳುತ್ತಿದ್ದರು. ಎತ್ತುಗಳಿಗೆ ಹಚ್ಚುವ ಕೆಂಪು ಹುರಮಂಜು, ಬಟ್ಟೆಗೆ ಹಾಕುವ ನೀಲಿ, ಅಡುಗೆಮನೆಯ ಅರಿಶಿನ, ದೀಪದ ಮಸಿ. ಎಲ್ಲಕ್ಕೂ ಜಾಲಿಯ ಅಂಟು. ಕಾಳು ವ್ಯಾಪಾರದ ಅಡತಿ ಅಂಗಡಿಗಳಿಂದ ತೊಗರಿಯ ಹರಕು ಚೀಲ ತಂದು, ಬಿಚ್ಚಿ, ಸುಣ್ಣ ಬಳಿದು, ಒಣಗಿಸಿ ಅದರ ಮೇಲೆ ಬರೆಯುತ್ತಿದ್ದರು. ಹೀಗಾಗಿ ಅವರ ಚಿತ್ರಗಳ ಹತ್ತಿರ ಹೋದರೆ ತೊಗರಿಯ ವಾಸನೆ ಬರುತ್ತಿತ್ತು.

ಡ್ರಾಯಿಂಗ್ ಕೋಣೆಯ ಗೋಡೆ ತುಂಬ ಪ್ರಾಣಿಗಳು. ಮನುಷ್ಯರ ಚಿತ್ರ ಒಂದೂ ಇಲ್ಲ. ಕೆಂಪು ನಾಯಿ, ಅದರ ಕಿವಿ ಮಾತ್ರ ಹಸಿರು. ಅಗಸರ ಕತ್ತೆ, ಉರಿಯುವ ಹಳದಿ. ನೇರಳೆ ಎಮ್ಮೆ, ನೀರಿನಿಂದ ಎದ್ದು ಬರುತ್ತಿರುವುದು. ಎಲ್ಲಕ್ಕಿಂತ ದೊಡ್ಡದು, ಎರಡು ಚೀಲ ಕೂಡಿಸಿ ಹೊಲಿದದ್ದು, ನೀಲಿ ಎತ್ತು. ನೊಗ ಇರಲಿಲ್ಲ, ಕುತ್ತಿಗೆ ಮಾತ್ರ ನೊಗದ ಕೆಳಗಿನ ಹಾಗೆ ಬಾಗಿತ್ತು. ಅದನ್ನು ನೋಡಿ ಮೊದಲ ದಿನ ನನಗೆ ನಗು ಬಂತು. ಎರಡನೇ ದಿನ ನಗು ಬರಲಿಲ್ಲ. ಮೂರನೇ ದಿನ ಪ್ರಯೋಗಾಲಯಕ್ಕೆ ಹೋಗುವವಳು ಆ ಕೋಣೆಯ ಮುಂದೆ ತಡೆದು ನಿಂತೆ. ಏಕೋ ನನ್ನ ತಂದೆ ಸಂಜೆ ಮಿಲ್ಲಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ರೀತಿ ನೆನಪಾಯಿತು.

"ಎತ್ತು ಯಾಕ್ರಿ ನೀಲಿ?" ಎಂದು ಕೇಳಿಯೇಬಿಟ್ಟೆ.

"ಹೊಲದಿಂದ ದುಡದು ಬಂದದರಿ ಅದು. ಎತ್ತು ಬಿಳೀ ಅದ. ದಣಿವು ಬಿಳೀ ಇರಂಗಿಲ್ಲ."

"ದಣಿವಿಗೆ ಬಣ್ಣ ಎಲ್ಲಿಂದ ಬರ್ತದ? ಬಣ್ಣ ಅಂದ್ರ ಬೆಳಕು," ಎಂದು ನಾನು ಪಾಠ ಶುರು ಮಾಡಿದೆ. ಹೊಸದಾಗಿ ಡಿಗ್ರಿ ಮುಗಿಸಿದವರಿಗೆ ಎದುರಿಗೆ ಸಿಕ್ಕವರೆಲ್ಲ ವಿದ್ಯಾರ್ಥಿಗಳೇ. ಅವರು ಪೂರ್ತಿ ಕೇಳಿಸಿಕೊಂಡರು, ಮಧ್ಯೆ ಬಾಯಿ ಹಾಕಲಿಲ್ಲ.

"ನಿಮ್ಮ ಗಾಜಿನ ಪಟ್ಟಕದಾಗ ಬಿಳೀ ಬೆಳಕು ಏಳು ಬಣ್ಣ ಆಗ್ತದ ಅಂತ ಹುಡುಗರಿಗಿ ತೋರಸ್ತೀರಿ. ಹಂಗಾದ್ರ ಅಕ್ಕೋರೆ, ಬಿಳೀ ಎತ್ತಿನಾಗ ನೀಲಿ ಇಲ್ಲಂತ ಹೆಂಗ ಹೇಳ್ತೀರಿ?"

ಅಂದಿನಿಂದ ನಮ್ಮಿಬ್ಬರ ಸ್ನೇಹ.

ಗುಲ್ಬರ್ಗಾಕ್ಕೆ ತರಬೇತಿಗೆ ಹೋದಾಗ ಅವರ ಕೈಗೆ ಒಂದು ಹಳೆಯ ಪುಸ್ತಕ ಸಿಕ್ಕಿತ್ತಂತೆ. ಪರದೇಶದಲ್ಲಿ ಯಾರೋ ಕೆಲವರು ಕುದುರೆ, ಹಸು, ನರಿಗಳನ್ನು ಎಲ್ಲೂ ಇಲ್ಲದ ಬಣ್ಣಗಳಲ್ಲಿ ಬರೆದಿದ್ದ ಚಿತ್ರಗಳು. "ಅದನ್ನ ನೋಡಿದ ದಿನಾ ನನಗ ಊಟ ಸೇರ್ಲಿಲ್ರಿ," ಎನ್ನುತ್ತಿದ್ದರು. ಬರೆದವರು ಯಾರು ಎಂದರೆ, "ಮುಂದಿನ ಹಾಳಿ ಹರದಿದ್ವು." ಅದಕ್ಕೆ ಅಭಿವ್ಯಕ್ತಿವಾದ ಎನ್ನುತ್ತಾರೆಂದೂ, ಕಂಡದ್ದಕ್ಕಿಂತ ಒಳಗೆ ಅನಿಸಿದ್ದನ್ನು ಬಣ್ಣದಲ್ಲಿ ಹೇಳುವ ಪಂಥ ಅದೆಂದೂ ನಾನು ಎಷ್ಟೋ ವರ್ಷದ ಮೇಲೆ ಓದಿದೆ. ಅವರಿಗೆ ಆ ಶಬ್ದ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದೆ ಶಾಲೆಯ ಆಡಳಿತ ಮಂಡಳಿಯ ಎದುರು ಹೇಳಿಕೊಳ್ಳಲು ಒಂದು ದೊಡ್ಡ ಮಾತಾದರೂ ಇರುತ್ತಿತ್ತು.

ಅವರ ಊರು ಮಾದನಹಿಪ್ಪರಗಾ. ಕಾರಹುಣ್ಣಿಮೆಗೆ ಒಮ್ಮೆ ಕರೆದುಕೊಂಡು ಹೋಗಿದ್ದರು. ಆ ದಿನ ಅವರ ಮನೆಯ ಮುಂದೆ ಮೈತೊಳೆದ ಎತ್ತುಗಳ ಸಾಲು. ಕೋಡಿಗೆ ಬಣ್ಣ ಹಚ್ಚುವುದು, ಮೈಮೇಲೆ ಅಂಗೈಯ ಗುರುತು ಒತ್ತುವುದು, ಹಣೆಯ ಮೇಲೆ ಹೂವು ಬರೆಯುವುದು, ಎಲ್ಲ ಅವರ ಕೈಯಿಂದಲೇ ಆಗಬೇಕು. ಪಕ್ಕದ ಮನೆಯ ರೈತ ಬೆಳಗಾಗುವ ಮೊದಲೇ ಜೋಡಿ ತಂದು ನಿಲ್ಲಿಸಿ ಪಾಳಿ ಹಿಡಿದಿದ್ದ. ಒಂದು ಎತ್ತಿಗೆ ಗುಲಾಬಿ ಕೋಡು, ಇನ್ನೊಂದಕ್ಕೆ ಹಸಿರು. ಊರಿಗೆ ಊರೇ ನೋಡಿ ತಲೆದೂಗುತ್ತಿತ್ತು. ಅವರ ಹೆಂಡತಿ ನನಗೆ ಹೋಳಿಗೆ ಬಡಿಸುತ್ತ ದೂರು ಹೇಳಿದರು.

"ನನ್ನ ಡಬ್ಬ್ಯಾಗಿನ ಅರಿಶಿಣ ಅಗಸರ ಕತ್ತಿ ಮೈಮ್ಯಾಲ ಹೋಗ್ತದ, ನೀಲಿ ಎತ್ತಿನ ಮೈಮ್ಯಾಲ ಹೋಗ್ತದ. ನನ್ನ ಸೀರಿ ಹಂಗೇ ಉಳಿತಾವ. ನೀವರ ಬುದ್ಧಿ ಹೇಳ್ರಿ ಅಕ್ಕೋರೆ."

"ಇಲ್ಲಿ ಎತ್ತಿಗೇ ಬಣ್ಣ ಹಚ್ಚಿದ್ರ ಹಬ್ಬ ಅಂತಾರ," ಎಂದು ಅವರು ಹೊರಗಿನಿಂದ ಹೇಳಿದರು. "ನಾ ಚಿತ್ರದಾಗಿನ ಎತ್ತಿಗೆ ಹಚ್ಚಿದ್ರ ತಲಿ ಕೆಟ್ಟದ ಅಂತಾರ. ನ್ಯಾಯ ನೀವೇ ಹೇಳ್ರಿ."

ತಲೆ ಕೆಟ್ಟಿದೆ ಎಂದು ಜನ ಅನ್ನುತ್ತಿದ್ದದ್ದು ನಿಜ. ಅದರಲ್ಲಿ ವಿಷವಿರಲಿಲ್ಲ, ಅವರಿಗೂ ಅದರಿಂದ ನೋವಿರಲಿಲ್ಲ. ಸಂತೆಯಲ್ಲಿ ಯಾರಾದರೂ "ಏನ್ರಿ ಸರ, ಈ ವಾರ ಯಾವ ಕುರಿ ಹಸಿರು ಮಾಡಿದ್ರಿ?" ಎಂದರೆ ನಿಂತು ಸಾವಧಾನವಾಗಿ ಉತ್ತರ ಕೊಡುತ್ತಿದ್ದರು. ಮಕ್ಕಳಿಗೂ ಹಾಗೆಯೇ ಕಲಿಸಿದರು. ಒಂದು ಪ್ರಾಣಿಯನ್ನು ಬರೆಯುವ ಮೊದಲು ಅದನ್ನು ಮುಟ್ಟಬೇಕು, ಮುಟ್ಟಿ ಕಣ್ಣು ಮುಚ್ಚಬೇಕು, ಆಗ ಯಾವ ಬಣ್ಣ ತೋಚುತ್ತದೋ ಅದು. ಪಾಠದ ವೇಳೆಯಲ್ಲಿ ಶಾಲೆಯ ಅಂಗಳಕ್ಕೆ ಮೇಕೆ ಬರುತ್ತಿತ್ತು, ಕೋಳಿ ಬರುತ್ತಿತ್ತು. ನನ್ನ ತರಗತಿಯ ಅರ್ಧ ಗಮನ ಕಿಟಕಿಯಾಚೆ. ನಾನು ಹೋಗಿ ಜಗಳ ಮಾಡಿದ್ದೂ ಉಂಟು.

ಕೆಟ್ಟದ್ದು ಶುರುವಾದದ್ದು ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಯಿಂದ. ಎಂಬತ್ತರ ದಶಕದ ಮೊದಲ ವರ್ಷಗಳು. ನೆನಪಿನಿಂದ ಚಿತ್ರ ಬರೆಯುವ ಪ್ರಶ್ನೆಗೆ 'ಹೊಲದಲ್ಲಿ ಎತ್ತು' ಎಂದು ಬಂತು. ನಮ್ಮ ಶಾಲೆಯಿಂದ ಕೂತಿದ್ದ ಮಕ್ಕಳೆಲ್ಲ ಕಲಿತ ಹಾಗೆ ಬರೆದರು. ಒಂದು ಎತ್ತು ಕಿತ್ತಳೆ, ಒಂದು ನೇರಳೆ, ಒಬ್ಬಳು ಹೊಲವನ್ನು ಕೆಂಪು ಮಾಡಿ ಎತ್ತನ್ನು ಬಿಳಿಯಾಗಿಯೇ ಬಿಟ್ಟಿದ್ದಳು. ಅವಳೊಬ್ಬಳು ಪಾಸಾದಳು. ಉಳಿದವರೆಲ್ಲ ಫೇಲು.

ತಪ್ಪು ತಮ್ಮದೆಂದು ಅವರು ಯಾರೂ ಹೇಳುವ ಮೊದಲೇ ಹೇಳಿದರು. "ಪರೀಕ್ಷಾದಾಗ ಕಂಡಂಗ ಬರೀರಿ ಅಂತ ಒಂದ್ ಮಾತು ಹೇಳಬೇಕಿತ್ತು. ಪರೀಕ್ಷಾ ಬ್ಯಾರೇ, ಚಿತ್ರ ಬ್ಯಾರೇ ಅಂತ ನನಗ ಹೊಳೀಲೇ ಇಲ್ಲ." ಫೇಲಾದ ಪ್ರತಿ ಮಗುವಿನ ಮನೆಗೂ ತಾವೇ ಹೋಗಿ ತಂದೆತಾಯಿಯ ಮುಂದೆ ಕೈಮುಗಿದು ಬಂದರು. ಮುಂದಿನ ಸಲಕ್ಕೆ ಭಾನುವಾರ ಪಾಠ ಹೇಳುವುದಾಗಿ ಒಪ್ಪಿಕೊಂಡರು. ಆ ವಾರ ಅವರು ರೊಟ್ಟಿ ತಂದು ಬಿಚ್ಚದೆ ವಾಪಸು ಒಯ್ಯುತ್ತಿದ್ದರು.

ಫೇಲಾದವರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಮೊಮ್ಮಗನೂ ಇದ್ದ. ಅಧ್ಯಕ್ಷರು ತೊಗರಿ ವ್ಯಾಪಾರದ ದೊಡ್ಡ ಕುಳ. ಕೆಟ್ಟ ಮನುಷ್ಯರಲ್ಲ, ಕಾಳಿನ ಹಾಗೆ ಎಲ್ಲವನ್ನೂ ಜರಡಿಗೆ ಹಾಕುವವರು. ಶಾಲೆಗೆ ಬಂದವರು ಡ್ರಾಯಿಂಗ್ ಕೋಣೆ ನೋಡಿದರು, ನೀಲಿ ಎತ್ತಿನ ಮುಂದೆ ನಿಂತರು, ಹೆಡ್‌ಮಾಸ್ತರರ ಕಡೆ ತಿರುಗಿದರು.

"ಈ ಮನಷ್ಯಾಗ ಬಣ್ಣ ಕಾಣಂಗಿಲ್ಲೋ, ಕಂಡೂ ಹಿಂಗ ಮಾಡ್ತಾನೋ? ಕಾಣಂಗಿಲ್ಲಂದ್ರ ದೇವರು ಕೊಟ್ಟದ್ದು, ಬ್ಯಾರೇ ಕೆಲಸ ಕೊಡ್ರಿ. ಕಂಡೂ ಮಾಡ್ತಾನಂದ್ರ ನನ್ನ ಸಾಲ್ಯಾಗ ಇರಬಾರ್ದು."

ಮಂಡಳಿಯ ಸಭೆ ಮುಂದಿನ ಸೋಮವಾರಕ್ಕೆ ನಿಗದಿಯಾಯಿತು. ನಮ್ಮ ಹೆಡ್‌ಮಾಸ್ತರರು ಜಗಳ ಕಂಡರೆ ಹೆದರುವವರು. ಶನಿವಾರ ನನ್ನನ್ನು ಕರೆದು ಬಾಗಿಲು ಮುಂದಕ್ಕೆ ಎಳೆದರು.

"ನೋಡ್ರಿ ಬಾಯಾರ, ಅವರು ಸಭಾದಾಗ ಖರೇ ಹೇಳ್ತಾರ. ನನಗ ಗೊತ್ತದ. ಬೇಕಂತನ ಮಾಡೇನಿ, ಮತ್ತ ಮಾಡ್ತೇನಿ ಅಂತಾರ. ನೌಕರಿ ಹೋಗ್ತದ. ಈ ವಯಸ್ಸಿನಾಗ ಎಲ್ಲಿ ಹೋಗಬೇಕು? ನೀವು ಸೈನ್ಸಿನವರು. ಬಣ್ಣದ ಕುರುಡು ಅಂತ ಒಂದ್ ಚೀಟಿ ಬರದು ಕೊಟ್ರ ಅಧ್ಯಕ್ಷರು ಒಪ್ತಾರ. ಡಾಕ್ಟರ್ ಬ್ಯಾಡ, ಊರಿಗಿ ಗೊತ್ತಾಗ್ತದ. ನಿಮ್ಮ ಚೀಟಿ ಸಾಕು ಅಂದಾರ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎದ್ದು ನಿಂತವಳಿಗೆ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು. "ನಿಮ್ಮ ನೌಕರಿ ಕಾಯಂ ಮಾಡೋ ಮಾತೂ ಅದೇ ಸಭಾದಾಗ ಅದ."

ನಾನು ಅವರಿಗಾಗಿ ಬರೆದೆನೋ, ನನಗಾಗಿ ಬರೆದೆನೋ ಎಂದು ಅನೇಕ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರಿಗಾಗಿಯೇ ಎಂದು ಉತ್ತರ ಬರುತ್ತದೆ. ಆ ಉತ್ತರ ಬರುವ ವೇಗ ನೋಡಿದರೆ ನನಗೇ ಅನುಮಾನ.

ನನ್ನ ಮನಸ್ಸಿನ ಸಮಾಧಾನಕ್ಕೆ ಪರೀಕ್ಷೆಯ ಶಾಸ್ತ್ರ ಮಾಡಿದೆ. ಪ್ರಯೋಗಾಲಯದ ಕಪಾಟಿನಲ್ಲಿ ಬಣ್ಣದ ಚುಕ್ಕೆಗಳ ಒಂದು ಪುಸ್ತಕವಿತ್ತು. ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಬೇಕು, ಕೆಂಪು ಹಸಿರು ಗೊತ್ತಾಗದವರಿಗೆ ಆ ಅಂಕಿ ಕಾಣುವುದಿಲ್ಲ. ಮಕ್ಕಳಿಗೆ ತೋರಿಸುವ ಮೊದಲು ನಿಮ್ಮ ಮೇಲೆ ನೋಡುತ್ತೇನೆ ಎಂದು ನೆಪ ಹೇಳಿ ಅವರನ್ನು ಕೂರಿಸಿದೆ. ಅವರು ಪುಟ ತಿರುವಿದಂತೆ ಅಂಕಿ ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಒಂದು ಪುಟಕ್ಕೆ ಬಂದು ತಡೆದರು. ತಪ್ಪಿದರೆ ನಾನು ಬರೆಯುವುದು ನಿಜವಾಗುತ್ತದೆ ಎಂಬ ಆಸೆ ನನಗೆ.

"ಈ ಹಾಳಿ ಬಿಸಿಲಿಗೆ ಬಿದ್ದದ್ದೇನ್ರಿ ಅಕ್ಕೋರೆ? ಇಲ್ಲಿನ ಹಸಿರು ಜರಾ ಮಾಸ್ಯದ. ಇದನ್ನ ನಂಬಬ್ಯಾಡ್ರಿ, ಬರೋಬರಿ ಕಣ್ಣಿದ್ದ ಹುಡುಗರಿಗೂ ಕಾಣಂಗಿಲ್ಲ."

ನಾನು ಅದನ್ನು ಎಷ್ಟು ಹತ್ತಿರ ಹಿಡಿದು ನೋಡಿದರೂ ನನಗೆ ಆ ವ್ಯತ್ಯಾಸ ಕಾಣಲಿಲ್ಲ. ಅಂಥ ಕಣ್ಣು. ಅವರು ಎದ್ದು ಹೋದ ಮೇಲೆ ಅದೇ ಮೇಜಿನ ಮೇಲೆ ಶಾಲೆಯ ಹಾಳೆಯಲ್ಲಿ, ನನ್ನ ದುಂಡು ಅಕ್ಷರದಲ್ಲಿ, 'ಪರೀಕ್ಷಿಸಿ ನೋಡಲಾಗಿ ಸದರಿಯವರಿಗೆ ಕೆಂಪು, ಹಸಿರು, ನೀಲಿ ಬಣ್ಣಗಳ ಭೇದ ತಿಳಿಯುವುದಿಲ್ಲ' ಎಂದು ಬರೆದು ಸಹಿ ಮಾಡಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು.

ಸೋಮವಾರ ಮಂಡಳಿಯ ಎದುರು ಅವರು ನಿಂತಿದ್ದರು, ನಾನು ಗೋಡೆಯ ಹತ್ತಿರ ಕೂತಿದ್ದೆ. ಅವರ ಮುಖ ಆ ದಿನ ಹಗುರವಾಗಿತ್ತು, ಏನೋ ತೀರ್ಮಾನ ಮಾಡಿದವರ ಹಾಗೆ. ಅಧ್ಯಕ್ಷರು ಕೇಳುವುದಕ್ಕೆ ಮೊದಲೇ, "ನನ್ನದೊಂದ್ ಮಾತದರಿ," ಎಂದು ಶುರು ಮಾಡಿದರು. ಅಧ್ಯಕ್ಷರು ಕೈ ಎತ್ತಿ ತಡೆದರು.

"ಮೊದಲ ಇದನ್ನ ಕೇಳ್ರಿ," ಎಂದು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿದರು. ನನ್ನ ಹೆಸರನ್ನೂ ಓದಿದರು.

ಮಾಸ್ತರರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಎಮ್ಮೆಯನ್ನೋ ಎತ್ತನ್ನೋ ನೋಡುವಾಗ ನೋಡುತ್ತಿದ್ದ ಹಾಗೆ, ನಿಂತು, ಪೂರ್ತಿಯಾಗಿ ನೋಡಿದರು. ನಾನು ನೆಲ ನೋಡಿದೆ.

"ಇದು ಖರೇನ್ರಿ?" ಅಧ್ಯಕ್ಷರು ಕೇಳಿದರು.

"ಅಕ್ಕೋರು ಶಾಸ್ತ್ರ ಓದಿದವರು," ಎಂದರು. "ಅವರು ಬರದಾರಂದ್ರ ಖರೇನ ಇರಬೇಕ್ರಿ. ನನಗ ಬಣ್ಣ ಕಾಣಂಗಿಲ್ಲ."

ಸಭೆ ಎಲ್ಲ ಒಮ್ಮೆಲೇ ಮೆತ್ತಗಾಯಿತು. ಅಧ್ಯಕ್ಷರು ಎದ್ದು ಬಂದು ಅವರ ಹೆಗಲು ಮುಟ್ಟಿ, ಮೊದಲೇ ಹೇಳಬಾರದಿತ್ತೇ ಎಂದರು. ಅವರಿಗೆ ಗ್ರಂಥಾಲಯದ ಕೆಲಸ ಕೊಟ್ಟರು. ನನ್ನ ನೌಕರಿಯೂ ಕಾಯಂ ಆಯಿತು. ಹೊರಗೆ ಬಂದಾಗ ನಾನು ಅವರನ್ನು ಉಳಿಸಿದೆ ಎಂದೇ ನಂಬಿದ್ದೆ, ಅವರು ತಮ್ಮ ನೌಕರಿಗಾಗಿ ಮಾತು ನುಂಗಿದರು ಎಂದೂ ನಂಬಿದ್ದೆ. ಒಳಗೊಳಗೆ ಸ್ವಲ್ಪ ನಿರಾಸೆಯೂ ಆಗಿತ್ತು. ನನ್ನ ಕೊಬ್ಬು ನೋಡಿ.

ಡ್ರಾಯಿಂಗ್ ಪಾಠ ಪಿ.ಟಿ. ಮಾಸ್ತರರಿಗೆ ಹೋಯಿತು. ಅವರು ಅಚ್ಚಾದ ಪಟ ತೂಗುಹಾಕಿ ಅದನ್ನು ನೋಡಿ ಬರೆಯಿರಿ ಎಂದು ಹೊರಗೆ ಹೋಗುತ್ತಿದ್ದರು. ಗೋಡೆಯ ಪ್ರಾಣಿಗಳನ್ನೆಲ್ಲ ನಮ್ಮ ಮಾಸ್ತರರು ತಾವೇ ಇಳಿಸಿ ಸುತ್ತಿ ಮಾದನಹಿಪ್ಪರಗಾದ ಬಸ್ಸಿಗೆ ಹಾಕಿದರು. ವಿಷಯ ಊರಿಗೆ ತಿಳಿಯಬಾರದೆಂದು ಡಾಕ್ಟರು ಬೇಡ ಎಂದಿದ್ದ ಹೆಡ್‌ಮಾಸ್ತರರು ವಾರದೊಳಗೆ ತಾವೇ ಹತ್ತು ಜನಕ್ಕೆ ಹೇಳಿದರು. ಸಂತೆಯಲ್ಲಿ ಕುರಿಯ ಮಾತು ನಿಂತುಹೋಯಿತು. ಅದರ ಬದಲು ಮೆಣಸಿನಕಾಯಿ ಮಾರುವ ಹೆಂಗಸು, "ಇವು ಕೆಂಪನೂವು ಸರ, ಆ ಕಡಿಗಿನೂವು ಹಸೇವು," ಎಂದು ಮಾಸ್ತರರ ಕೈ ಹಿಡಿದು ತೋರಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಅವರು "ಹೌದೇನವಾ, ಚಲೋ ಆತು," ಎಂದು ಅವಳು ತೋರಿಸಿದ್ದನ್ನು ತೆಗೆದುಕೊಂಡರು.

ಮರುವರ್ಷದ ಕಾರಹುಣ್ಣಿಮೆಗೆ ನಾನಾಗಿಯೇ ಹೋದೆ. ಪಕ್ಕದ ಮನೆಯ ರೈತ ಜೋಡಿ ತಂದಿದ್ದ. ಜೊತೆಗೆ ಬಣ್ಣದ ಡಬ್ಬಿಗಳನ್ನೂ ತಾನೇ ತಂದು ಸಾಲಾಗಿ ಇಟ್ಟು ಒಂದೊಂದನ್ನೇ ಮುಟ್ಟಿ ತೋರಿಸಿದ. "ಇದು ಹಸಿರು ಅದ ಸರ. ಇದು ಗುಲಾಬಿ. ಎಡಗಡಿ ಎತ್ತಿಗಿ ಹಸಿರು ಹಚ್ರಿ." ಅಷ್ಟು ಪ್ರೀತಿಯಿಂದ ಹೇಳಿದ. ಅವರು ಅವನು ಹೇಳಿದ ಹಾಗೆಯೇ, ಹೇಳಿದ ಕೋಡಿಗೆ, ಹೇಳಿದ ಬಣ್ಣ ಹಚ್ಚಿದರು. ಹಣೆಯ ಮೇಲಿನ ಹೂವು ಬರೆಯಲಿಲ್ಲ. ಒಳಗೆ ಅವರ ಹೆಂಡತಿ ನನಗೆ ಹೋಳಿಗೆ ಬಡಿಸಿದರು. ಅರಿಶಿನದ ದೂರು ಆ ವರ್ಷ ಇರಲಿಲ್ಲ.

ಅವರು ಮತ್ತೆ ಚಿತ್ರ ಬರೆಯಲಿಲ್ಲ. ಗ್ರಂಥಾಲಯದಲ್ಲಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ನನ್ನೊಡನೆ ಚಹಾ ಕುಡಿಯುತ್ತಿದ್ದರು, ಮಕ್ಕಳ ಸುದ್ದಿ ಕೇಳುತ್ತಿದ್ದರು. ಒಂದು ಸಲ ಬೈದುಬಿಟ್ಟಿದ್ದರೆ ಸಾಕಿತ್ತು. ಬೈಯಲಿಲ್ಲ. ಮೂರು ವರ್ಷ ಹೀಗೆ ಕಳೆದ ಮೇಲೆ ನನಗೆ ಸರ್ಕಾರಿ ನೌಕರಿ ಸಿಕ್ಕು ಜೇವರ್ಗಿಗೆ ಹೊರಟೆ. ಹೊರಡುವ ಮುನ್ನಾದಿನ ಗ್ರಂಥಾಲಯಕ್ಕೆ ಹೋಗಿ, ಮಂಡಳಿಗೆ ಖರೇ ಸಂಗತಿ ಬರೆದುಕೊಡುತ್ತೇನೆ, ಈಗ ನನ್ನನ್ನು ಯಾರೂ ಏನೂ ಮಾಡುವ ಹಾಗಿಲ್ಲ ಎಂದೆ.

"ಬ್ಯಾಡ್ರಿ," ಎಂದರು.

"ಹಂಗಾದ್ರ ಬರೀರಿ. ಯಾಕ ಬಿಟ್ರಿ ಬರಿಯೋದು?"

ಅವರು ಅಂಟಿನ ಕಡ್ಡಿಯನ್ನು ಕೆಳಗಿಟ್ಟರು. "ಮೊದಲ ನೀಲಿ ಎತ್ತು ಬರದ್ರ ಹುಚ್ಚ ಅಂತಿದ್ರು. ಈಗ ಬರದ್ರ ಪಾಪ ಅಂತಾರ. ಹುಚ್ಚ ಅನ್ನಿಸಿಕೊಂಡು ಬರೀಬಹುದ್ರಿ ಅಕ್ಕೋರೆ. ಪಾಪ ಅನ್ನಿಸಿಕೊಂಡು ಕೈ ಏಳಂಗಿಲ್ಲ. ಬಿಳೀ ಎತ್ತು ಬರೀಲಂದ್ರ, ಯಾರೋ ಹೇಳಿಕೊಟ್ಟಾರ ಅಂತಾರ."

ನಾನು ಅಳುತ್ತ ನಿಂತೆ. ಅವರು ಒಂದು ಲೋಟ ನೀರು ತಂದು ಕೊಟ್ಟರು. "ಜೇವರ್ಗಿ ಕಡಿ ಮಣ್ಣು ಭಾಳ ಕಪ್ಪು ಅದ ಅಂತಾರ. ಮಳಿ ಬಿದ್ದ ದಿನಾ ಜರಾ ನಿಂತು ನೋಡ್ರಿ," ಎಂದರು. ಅದರ ನಂತರ ಅವರನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ಮದುವೆ ಮನೆಗಳಲ್ಲಿ, ಜನರ ನಡುವೆ.

ಅವರು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಮಾದನಹಿಪ್ಪರಗಾಕ್ಕೆ ಹೋದಾಗ ಉತ್ತರಕ್ರಿಯೆಯ ಕಾರ್ಯಗಳೆಲ್ಲ ಮುಗಿದಿದ್ದವು. ಅವರ ಹೆಂಡತಿ ಒಬ್ಬರೇ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕೂರಿಸಿದರು, ಚಹಾ ಮಾಡಿ ಕೊಟ್ಟರು, ಮತ್ತೆ ಮೊರ ಹಿಡಿದರು. ತಲೆ ಎತ್ತದೆಯೇ ಮಾತಾಡಿದರು.

"ಹೇಳಬ್ಯಾಡ ಅಂದಿದ್ರು. ಇಷ್ಟ್ ದಿನಾ ಹೇಳಿಲ್ಲ. ಈಗ ಅವರೇ ಇಲ್ಲ, ಯಾರ ಮಾತು ಕಾಯಲಿ? ಆ ಸೋಮವಾರ ಅವರು ರಾಜೀನಾಮಿ ಬರಕೊಂಡು ಕಿಸೇದಾಗ ಇಟಗೊಂಡು ಹೋಗಿದ್ರು. ಅಫಜಲಪುರದಾಗ ಬೋರ್ಡ್ ಬರಿಯೋ ಅಂಗಡಿಯವರ ಕೂಡ ಮಾತಾಡಿ ಬಂದಿದ್ರು. ಮುಂಜಾನಿ ಹೋಗುವಾಗ ಹಾಡ ಗುನುಗಿಕೋತ ಹೋದ್ರು. ನನಗೂ ಖುಷಿ ಆಗಿತ್ತು."

ನಾನು ಲೋಟ ಕೆಳಗಿಟ್ಟೆ.

"ಸಂಜೀಕ ಬಂದು ಆ ರಾಜೀನಾಮಿ ಒಲ್ಯಾಗ ಹಾಕಿದ್ರು. ಯಾಕಂತ ಕೇಳಿದೆ. 'ನಾ ಖರೇ ಹೇಳಿದ್ರ ಆ ಹುಡುಗಿ ಸುಳ್ಳ ಬರದಾಳಂತ ಆಗ್ತದ. ಈಗೀಗ ನೌಕರಿಗಿ ಬಂದಾಕಿ, ಮನಿ ನಡಸಾಕಿ. ಎಲ್ಲಾರ ಮುಂದ ಆಕೀ ಹೆಸರು ಓದಿಬಿಟ್ರು,' ಅಂದ್ರು." ಮೊರವನ್ನು ಒಮ್ಮೆ ತಟ್ಟಿದರು. "ಹನ್ನೆರಡು ವರ್ಷ ಈ ಮನ್ಯಾಗ ಬಣ್ಣದ ಹೆಸರು ಎತ್ತಿಲ್ರಿ. ಒಂದ್ ಸೀರಿ ತಂದ್ರೂ ಹೆಂಗದಂತ ಅವರಿಗಿ ತೋರಿಸಿಲ್ಲ. ನಿಮಗ ಬೈಬೇಕಂತ ಎಷ್ಟೋ ಸಲ ಅಂದುಕೊಂಡೇನಿ. ಬಂದು ಮುಂದ ಕುಂತ್ರ ಬೈಲಿಕ್ಕ ಬರವಲ್ದು."

ಏನು ಹೇಳಿದೆನೋ ನೆನಪಿಲ್ಲ. ಅವರ ಕಾಲು ಮುಟ್ಟಲು ಹೋದೆ, ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಿಟ್ಟಿನಿಂದಲ್ಲ ಎಂದುಕೊಂಡಿದ್ದೇನೆ, ಖಚಿತವಿಲ್ಲ. ನಾನು ಯಾರನ್ನು ಉಳಿಸಿದೆನೆಂದು ಇಷ್ಟು ವರ್ಷ ತಿಳಿದಿದ್ದೆನೋ ಅವರನ್ನು ಉಳಿಸಬೇಕಾದ ಅಗತ್ಯವೇ ಇರಲಿಲ್ಲ. ಅವರು ತಮ್ಮ ಕಣ್ಣು ಉಳಿಸಿಕೊಂಡು ಹೊರಟು ನಿಂತಿದ್ದರು.

ಬಸ್ಸಿನ ತನಕ ಬಿಡಲು ಪಕ್ಕದ ಮನೆಯ ಆ ರೈತನೇ ಬಂದ. ಅವನ ತಲೆಯೂ ಬೆಳ್ಳಗಾಗಿತ್ತು. ನನ್ನ ಚೀಲ ಹೆಗಲಿಗೆ ಹಾಕಿಕೊಂಡು ದಾರಿಯುದ್ದಕ್ಕೂ ಮಾಸ್ತರರ ಗುಣಗಾನ ಮಾಡಿದ.

"ಪಾಪ, ಸರಗ ಬಣ್ಣ ಕಾಣ್ತಿರ್ಲಿಲ್ಲ. ಆದ್ರೂ ನನ್ನ ಎತ್ತಿನ ಕೋಡಿಗಿ ಎಷ್ಟ್ ಚಂದ ಹಚ್ತಿದ್ರಂತೀರಿ."

ನಾನು ನಡುರಸ್ತೆಯಲ್ಲಿ ನಿಂತೆ. "ಅವರಿಗಿ ಬಣ್ಣ ಬರೋಬರಿ ಕಾಣ್ತಿತ್ತು. ನನಗಿಂತ, ನಿಮಗಿಂತ ಹೆಚ್ಚ ಕಾಣ್ತಿತ್ತು. ಕಾಣಂಗಿಲ್ಲಂತ ಬರದು ಕೊಟ್ಟಾಕಿ ನಾನು. ಅದು ಸುಳ್ಳು. ನಾ ಸುಳ್ಳ ಬರದಿದ್ದೆ."

ಅವನು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

"ಇರ್ಲಿ ಬಿಡ್ರಿ ಅಕ್ಕೋರೆ," ಎಂದ. "ಸರನ ಮ್ಯಾಲ ನಿಮಗ ಎಷ್ಟ್ ಅಭಿಮಾನ ಅದ. ಆದ್ರ ಅವರೇ ಎಲ್ಲಾರ ಮುಂದ ಒಪ್ಪಿಕೊಂಡಿದ್ರಲ್ಲ."

ನಾನು ಇನ್ನೊಮ್ಮೆ ಹೇಳಿದೆ, ಮೊದಲಿನಿಂದ, ಬಿಡಿಸಿ ಹೇಳಿದೆ. ಅವನು ಹೂಂ ಹೂಂ ಎಂದು ತಲೆಯಾಡಿಸುತ್ತ ಪೂರ್ತಿ ಕೇಳಿದ. ಬಸ್ಸು ಬಂದಾಗ ನನ್ನನ್ನು ಹುಷಾರಾಗಿ ಹತ್ತಿಸಿ, ಕಿಟಕಿಯ ಹತ್ತಿರ ಕೂತಿದ್ದವರನ್ನು ಎಬ್ಬಿಸಿ ಜಾಗ ಮಾಡಿಸಿದ. ಅಕ್ಕೋರಿಗೆ ಭಾಳ ದುಃಖ ಆಗ್ಯದ, ಜರಾ ನೋಡಿಕೊಳ್ರಿ ಎಂದು ಅವರಿಗೆ ಹೇಳಿ ಇಳಿದು ಹೋದ.